ಭುಜ ಯಾತಕ್ಕಾಗಿ?

‘ಹೆಂಗಸರನ್ನು ಪ್ರಕೃತಿ ಮಾಡಿರುವುದೇ ಮನೆಗಾಗಿ’ ಎಂದು ಯಾರಾದರೂ ವಾದಿಸಿದರೆ ನಾನು ಅವರ ಭುಜ ನೋಡುತ್ತೇನೆ.

ನಾಲ್ಕು ಕಾಲಲ್ಲಿ ಓಡಾಡುವ ಕೋತಿಗೆ ಹೆಗಲಮೂಳೆ ಪಕ್ಕೆಯ ಬದಿಯಲ್ಲಿರುತ್ತದೆ. ಅದರ ತೋಳು ಹೆಚ್ಚಾಗಿ ಹಿಂದೆ ಮುಂದೆ ಬೀಸುತ್ತದೆ. ಗಿಬ್ಬನ್, ಚಿಂಪಾಂಜಿ ಮತ್ತು ನಮಗೆ ಅದು ಬೆನ್ನ ಮೇಲಿದೆ. ಹಾಗಾಗಿ ತೋಳು ತಲೆಯ ಮೇಲಕ್ಕೂ ಸಲೀಸಾಗಿ ಏರುತ್ತದೆ. ಮುಂಬೈ ಲೋಕಲಿನ ಹಿಡಿಕೆಗೆ ನಾವು ಜೋತುಬೀಳುವುದು ಕೊಂಬೆಯಿಂದ ಬಂದ ಈ ಆಸ್ತಿಯಿಂದಲೇ.

ಇಥಿಯೋಪಿಯಾದ ದಿಕಿಕಾದಲ್ಲಿ ಸಿಕ್ಕ 33 ಲಕ್ಷ ವರ್ಷ ಹಿಂದಿನ ಮಗುವಿನ ಜಾತಿ ಎರಡು ಕಾಲಲ್ಲಿ ನಡೆಯುತ್ತಿತ್ತು. ಅದರ ಹೆಗಲು ಮಾತ್ರ ವಾನರನ ಹೆಗಲನ್ನೇ ಹೋಲುತ್ತದೆ. ಮುಂದೆ ಹೆಗಲಿನ ಗುಳಿ ಪಕ್ಕಕ್ಕೆ ತಿರುಗಿತು. ಗುರಿಯಿಟ್ಟು ಕಲ್ಲೆಸೆಯುವ ಬಲ ಬಂತು. ಈ ಸಡಿಲಕ್ಕೆ ಬೆಲೆಯೂ ಇದೆ: ಗುಳಿ ಆಳವಿಲ್ಲ, ದೊಡ್ಡ ಕೀಲುಗಳಲ್ಲಿ ಅತಿ ಹೆಚ್ಚು ತಪ್ಪುವುದು ಇದೇ.

ಜೋತಾಡಿದ ಭುಜ ಎಸೆಯಿತು, ಈಗ ಬೋರ್ಡಿನ ಮೇಲೆ ಬರೆಯುತ್ತದೆ, ಮಗುವನ್ನು ಎತ್ತುತ್ತದೆ. ಇವುಗಳಲ್ಲಿ ಯಾವುದು ಅದರ ‘ಧರ್ಮ’? ಮೂಳೆ ಹೇಳುವುದು ಏನು ಸಾಧ್ಯ ಎಂಬುದನ್ನಷ್ಟೇ. ಯಾರು ಏನು ಮಾಡಬೇಕು ಎಂಬ ತೀರ್ಮಾನ ನಮ್ಮದು. ಅದನ್ನು ಪ್ರಕೃತಿಯ ಹೆಗಲಿಗೆ ಹೊರಿಸಿ ಜಾರಿಕೊಳ್ಳುವುದು ಅಪ್ರಾಮಾಣಿಕತೆ ಎಂದೇ ನನ್ನ ಅನಿಸಿಕೆ.