ಸೆರೆಮನೆಯ ಮಾತಿನ ಪ್ರಾಮಾಣ್ಯ

ಧರ್ಮದ ಹೆಸರಿನಲ್ಲಿ ನಡೆಯುವ ಹಿಂಸೆಯನ್ನು ತಡೆಯಲು ಶಸ್ತ್ರಬಲವೊಂದೇ ಸಾಲದು, ಆ ಹಿಂಸೆಯನ್ನು ಸಮರ್ಥಿಸುವ ವಾದವನ್ನೂ ಎದುರಿಸಬೇಕು ಎಂಬ ತಿಳಿವಳಿಕೆ ಅಮೆರಿಕದ ಮೇಲಿನ 2001ರ ದಾಳಿಗಳ ನಂತರ ಹಲವು ಸರ್ಕಾರಗಳ ನೀತಿಯಾಯಿತು. ಸರ್ಕಾರವೊಂದು ಪರದೇಶದ ಆಳುವವರನ್ನು ದಾಟಿ ಅಲ್ಲಿನ ಜನರೊಡನೆಯೇ ನೇರವಾಗಿ ಮಾತನಾಡುವುದನ್ನು ಸಾರ್ವಜನಿಕ ರಾಜತಾಂತ್ರಿಕತೆ ಎನ್ನುತ್ತಾರೆ. ಯಾವ ಮಾತನ್ನು, ಯಾರಿಗೆ, ಯಾವ ಮಾಧ್ಯಮದ ಮೂಲಕ ತಲುಪಿಸಿದರೆ ಉದ್ದೇಶ ಈಡೇರುತ್ತದೆಂದು ಮೊದಲೇ ಯೋಜಿಸಿ ಮಾತನಾಡುವುದು ಕಾರ್ಯತಂತ್ರದ ಸಂವಹನ. ಇವೆರಡೂ ಆಡಳಿತದ ವಿಷಯಗಳಂತೆ ಕಂಡರೂ ಇವುಗಳ ತಳದಲ್ಲಿರುವುದು ತತ್ತ್ವಶಾಸ್ತ್ರದ ಒಂದು ಹಳೆಯ ಪ್ರಶ್ನೆ: ಯಾರ ಮಾತು ಪ್ರಮಾಣ?

ಗೌತಮನ ನ್ಯಾಯಸೂತ್ರವು ಆಪ್ತನ ಉಪದೇಶವನ್ನು ಶಬ್ದಪ್ರಮಾಣವೆಂದು, ಅಂದರೆ ಮಾತಿನ ಮೂಲಕ ದೊರೆಯುವ ಯಥಾರ್ಥ ಜ್ಞಾನದ ಸಾಧನವೆಂದು, ಒಪ್ಪುತ್ತದೆ. ವಿಷಯವನ್ನು ಸಾಕ್ಷಾತ್ತಾಗಿ ಅರಿತು, ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯಿಂದ ನುಡಿಯುವವನೇ ಆಪ್ತ ಎಂದು ಭಾಷ್ಯಕಾರ ವಾತ್ಸ್ಯಾಯನನು ವಿವರಿಸುತ್ತಾನೆ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಅವನು ಸೇರಿಸುವುದರಿಂದ ಪ್ರಾಮಾಣ್ಯವು ಕುಲದಿಂದಲೋ ಪದವಿಯಿಂದಲೋ ಬರುವಂಥದ್ದಲ್ಲವೆಂಬುದೂ ಸ್ಪಷ್ಟವಾಗುತ್ತದೆ. ಹೀಗೆ ಅರಿವು ಮತ್ತು ಅರಿತದ್ದನ್ನು ಮರೆಮಾಚದೆ ಹೇಳುವ ಇಚ್ಛೆ ಎಂಬ ಎರಡು ನಿಬಂಧನೆಗಳು ಏರ್ಪಡುತ್ತವೆ.

ಅಮೆರಿಕದ ಮೊದಲ ದೊಡ್ಡ ಪ್ರಯತ್ನ ಈ ಎರಡರಲ್ಲೂ ಸೋತಿತು. ಜಾಹೀರಾತು ಉದ್ಯಮದಲ್ಲಿ ಹೆಸರಾಗಿದ್ದ ಷಾರ್ಲೆಟ್ ಬಿಯರ್ಸ್ ಅವರ ಮೇಲ್ವಿಚಾರಣೆಯಲ್ಲಿ 2002ರಲ್ಲಿ ಅಲ್ಲಿನ ವಿದೇಶಾಂಗ ಇಲಾಖೆ ಅಮೆರಿಕನ್ ಮುಸ್ಲಿಮರ ನೆಮ್ಮದಿಯ ಬದುಕನ್ನು ತೋರಿಸುವ ದೂರದರ್ಶನ ಜಾಹೀರಾತುಗಳನ್ನು ತಯಾರಿಸಿತು. ಈಜಿಪ್ಟ್, ಜೋರ್ಡಾನ್‌ಗಳ ಸರ್ಕಾರಿ ವಾಹಿನಿಗಳು ಅವನ್ನು ಪ್ರಸಾರ ಮಾಡಲು ಒಪ್ಪಲಿಲ್ಲ. ಪ್ರಸಾರವಾದ ಕಡೆಗಳಲ್ಲೂ, ಕೊಲ್ಲುವುದು ಧರ್ಮಸಮ್ಮತವೇ ಎಂದು ಕೇಳುತ್ತಿದ್ದ ಯುವಕನಿಗೆ ಅವುಗಳಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆಯನ್ನೇ ನೇರವಾಗಿ ಎತ್ತಿಕೊಂಡ ಗ್ರಂಥ ಬಂದದ್ದು ಈಜಿಪ್ಟಿನ ಸೆರೆಮನೆಯಿಂದ. ಡಾ. ಫದ್ಲ್ ಎಂದು ಪ್ರಸಿದ್ಧರಾದ ಸಯ್ಯದ್ ಇಮಾಮ್ ಅಲ್-ಶರೀಫ್ ವೃತ್ತಿಯಿಂದ ಶಸ್ತ್ರವೈದ್ಯರು, ಮುಂದೆ ಅಲ್-ಕೈದಾದ ನಾಯಕನಾದ ಅಯ್‌ಮನ್ ಅಲ್-ಜವಾಹಿರಿಯ ಸಹಪಾಠಿ, ಈಜಿಪ್ಟಿನ ಜಿಹಾದ್ ಸಂಘಟನೆಯ ಒಂದು ಕಾಲದ ನಾಯಕ. ಅವರು 1988ರ ಸುಮಾರಿಗೆ ಬರೆದ ಪುಸ್ತಕ ಅಫ್ಘಾನಿಸ್ತಾನದ ತರಬೇತಿ ಶಿಬಿರಗಳಲ್ಲಿ ಪಠ್ಯವಾಗಿತ್ತು. ತಮ್ಮನ್ನು ಒಪ್ಪದ ಮುಸ್ಲಿಮರನ್ನು ಧರ್ಮಭ್ರಷ್ಟರೆಂದು ಸಾರುವ ತಕ್ಫೀರ್ ಎಂಬ ಪದ್ಧತಿಗೆ ಶಾಸ್ತ್ರದ ಆಧಾರ ಒದಗಿಸಿದವರಲ್ಲಿ ಅವರೂ ಪ್ರಮುಖರು. ಅಂಥವರು 2007ರ ನವೆಂಬರಿನಲ್ಲಿ, ಕೈರೋ ಮತ್ತು ಕುವೈತ್‌ನ ಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಪ್ರಕಟವಾದ ಹೊಸ ಗ್ರಂಥದಲ್ಲಿ, ತಂದೆತಾಯಿಯ ಅನುಮತಿಯಿಲ್ಲದೆ ಯುದ್ಧಕ್ಕೆ ಹೊರಡಬಾರದು, ಕದ್ದ ಹಣದಿಂದ ಹೋರಾಡಬಾರದು, ಇಂಥ ದೇಶದವರೆಂಬ ಕಾರಣಕ್ಕಾಗಿ ಯಾರನ್ನೂ ಕೊಲ್ಲಬಾರದು ಎಂದು ಬರೆದರು. ಅವರ ಅತ್ಯಂತ ಹರಿತವಾದ ವಾದ ವೀಸಾಕ್ಕೆ ಸಂಬಂಧಿಸಿದ್ದು. ಇಸ್ಲಾಮೀ ಧರ್ಮಶಾಸ್ತ್ರದಲ್ಲಿ ಅಮಾನ್ ಎಂದರೆ ಪರಕೀಯನಿಗೆ ಕೊಡುವ ಅಭಯ. ವೀಸಾ ಅಂಥದೇ ಅಭಯದ ಕರಾರಾದ್ದರಿಂದ, ಅದನ್ನು ಪಡೆದು ಒಂದು ದೇಶವನ್ನು ಹೊಕ್ಕು ಅಲ್ಲಿನವರನ್ನು ಕೊಲ್ಲುವುದು ವಿಶ್ವಾಸದ್ರೋಹ ಎಂದು ಅವರು ತೀರ್ಮಾನಿಸಿದರು. ಈ ತೀರ್ಮಾನಕ್ಕೆ ಬರಲು ಅವರಿಗೆ ಆಧುನಿಕ ಉದಾರವಾದದ ಯಾವ ಸೂತ್ರವೂ ಬೇಕಾಗಲಿಲ್ಲ. ಪರಂಪರೆಯ ಒಳಗಿನ ನಿಯಮವೇ ಸಾಕಾಯಿತು.

ಜವಾಹಿರಿಯ ಮೊದಲ ಪ್ರತಿಕ್ರಿಯೆ ಅಪಹಾಸ್ಯದ್ದು: ಈಜಿಪ್ಟಿನ ಸೆರೆಕೋಣೆಗಳಲ್ಲಿ ಈಗ ಫ್ಯಾಕ್ಸ್ ಯಂತ್ರಗಳೂ ಇವೆಯೇ ಎಂದು ಆತ ಕೇಳಿದ. ಕೇಳಿದವನು ಕ್ರೂರಿಯೆಂಬ ಕಾರಣಕ್ಕೆ ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ, ಏಕೆಂದರೆ ಅದು ವಾತ್ಸ್ಯಾಯನನ ಎರಡನೆಯ ನಿಬಂಧನೆಗೇ ತಾಗುತ್ತದೆ. ಚಿತ್ರಹಿಂಸೆಗೆ ಕುಖ್ಯಾತವಾದ ಕಾರಾಗೃಹದಿಂದ ಹೊರಟ ಮಾತು ಅರಿತವನ ಮಾತೇ ಆಗಿದ್ದರೂ ಇಚ್ಛೆಯಿಂದ ಹೊರಟದ್ದೆಂದು ಹೇಳುವುದು ಕಷ್ಟ. ಫದ್ಲ್ 1993ರಲ್ಲೇ ಸಂಘಟನೆಯ ನಾಯಕತ್ವವನ್ನು ತೊರೆದಿದ್ದರು, ಚಳವಳಿಯ ಬಗೆಗಿನ ತಮ್ಮ ಟೀಕೆಗಳನ್ನು ಜವಾಹಿರಿ ತಮ್ಮ ಇನ್ನೊಂದು ಗ್ರಂಥದಿಂದ ತೆಗೆದುಹಾಕಿದನೆಂದು ದೂರಿದ್ದರು ಎಂಬುದು ಅವರ ಭಿನ್ನಮತ ಸೆರೆಮನೆಗಿಂತ ಹಳೆಯದೆಂದು ತೋರಿಸುತ್ತದೆ. ಆದರೂ ಸಂದೇಹ ಪೂರ್ತಿ ತೀರುವುದಿಲ್ಲ.

ಆದರೆ ಜವಾಹಿರಿಗೆ ಅಪಹಾಸ್ಯ ಸಾಲಲಿಲ್ಲ. 2008ರಲ್ಲಿ ಆತ ಸುಮಾರು ಇನ್ನೂರು ಪುಟಗಳ ಉತ್ತರವನ್ನೇ ಬರೆದು, ವೀಸಾ ಅಭಯದ ಕರಾರಲ್ಲವೆಂದು ಸಾಧಿಸಲು ಹೆಣಗಬೇಕಾಯಿತು. ಅಮೆರಿಕದ ಜಾಹೀರಾತುಗಳಿಗೆ ಆತ ಇಂಥ ಖಂಡನಗ್ರಂಥ ಬರೆಯಲಿಲ್ಲ. ಒಳಗಿನವನ ವಾದವು ಸೆರೆಮನೆಯ ಕಳಂಕವನ್ನು ಹೊತ್ತೂ ಇಷ್ಟು ನಾಟಿತೆಂದರೆ, ಆ ಕಳಂಕವಿಲ್ಲದೆ ಅದು ಎಷ್ಟು ದೂರ ಹೋಗುತ್ತಿತ್ತೆಂಬುದನ್ನು ಈಜಿಪ್ಟಿನ ಆಳುವವರು ಯೋಚಿಸಬೇಕಿತ್ತು.

ಅಂಥ ಕಳಂಕವಿಲ್ಲದ ಮಾತು ಅದೇ 2008ರ ಫೆಬ್ರುವರಿ 25ರಂದು ಭಾರತದಲ್ಲಿ ಕೇಳಿಬಂತು. ಉತ್ತರ ಪ್ರದೇಶದ ದೇವಬಂದ್‌ನ ದಾರುಲ್ ಉಲೂಮ್ ಎಂಬ ಧರ್ಮವಿದ್ಯಾಲಯ ಕರೆದ ಸಮ್ಮೇಳನದಲ್ಲಿ ಸಾವಿರಾರು ಉಲೇಮಾಗಳು, ಅಂದರೆ ಧರ್ಮವಿದ್ವಾಂಸರು, ಸೇರಿ ಭಯೋತ್ಪಾದನೆ ಇಸ್ಲಾಮಿಗೆ ವಿರುದ್ಧವೆಂದು ಘೋಷಿಸಿದರು. ಭಯೋತ್ಪಾದನೆಯ ಹೆಸರಿನಲ್ಲಿ ನಿರಪರಾಧಿ ಮುಸ್ಲಿಮರನ್ನು ಬಂಧಿಸುವುದನ್ನೂ ಮದರಸಾಗಳನ್ನು ಶಂಕೆಯಿಂದ ನೋಡುವುದನ್ನೂ ಅದೇ ಘೋಷಣೆ ಖಂಡಿಸಿತು. ಮೊದಲ ಭಾಗವನ್ನು ಮೆಚ್ಚಿ ಎರಡನೆಯದಕ್ಕೆ ಮುಖ ಸಿಂಡರಿಸುವ ಅಧಿಕಾರಿಗಳು, ಸರ್ಕಾರವನ್ನು ಟೀಕಿಸಬಲ್ಲ ವಿದ್ವಾಂಸನ ಬಾಯಿಂದ ಬಂದದ್ದರಿಂದಲೇ ಮೊದಲ ಭಾಗಕ್ಕೆ ತೂಕ ಬಂತೆಂಬುದನ್ನು ಮನಗಾಣಬೇಕು. ಉಗ್ರವಾದಕ್ಕೆ ಧರ್ಮದೊಳಗಿನಿಂದ ಉತ್ತರ ಬರಬೇಕೆಂದು ಬಯಸುವ ಸರ್ಕಾರಗಳು ಆ ಉತ್ತರವನ್ನು ತಾವೇ ಬರೆಸುವುದನ್ನು ಬಿಟ್ಟು, ಅದನ್ನು ಬರೆಯಬಲ್ಲವರಿಗೆ ತಮ್ಮ ವಿರುದ್ಧವೂ ಮಾತನಾಡುವ ಸ್ವಾತಂತ್ರ್ಯವನ್ನು ಕಾಯ್ದುಕೊಡಲಿ.