ಶುಶ್ರೂಷೆಯ ಕಾಯಕವೂ ಅದರ ಎಲ್ಲೆಯೂ



ಆರೋಗ್ಯವಂತನು ತನ್ನ ದೇಹವನ್ನೂ ತನ್ನ ಗುಟ್ಟನ್ನೂ ತಾನೇ ಕಾಪಾಡಿಕೊಳ್ಳಬಲ್ಲನು. ಹಾಸಿಗೆ ಹಿಡಿದವನಿಗೆ ಆ ಸ್ವಾತಂತ್ರ್ಯವಿಲ್ಲ. ನಿನ್ನೆಯವರೆಗೆ ಮುಖಪರಿಚಯವೂ ಇಲ್ಲದ ಶುಶ್ರೂಷಕಿಯ ಕೈಗೆ ಅವನು ತನ್ನನ್ನು ಒಪ್ಪಿಸಿಕೊಳ್ಳಬೇಕಾಗುತ್ತದೆ. ಇಂತಹ ನಂಬಿಕೆಯನ್ನು ಹೊತ್ತ ಕಾಯಕಕ್ಕೆ ದೃಢವಾದ ಎಲ್ಲೆಯೂ ಬೇಕು.

ಎಲ್ಲೆಯೆಂದೊಡನೆ ಕೆಲವರು ಅದನ್ನು ನಿಷ್ಠುರತೆಯೆಂದು ಭಾವಿಸುವರು. ಹೊಲಕ್ಕೆ ಬದು ಹಾಕುವುದು ನೀರು ನಿಂತು ಬೆಳೆ ಬರಲೆಂದು. ಕರುಣೆಗೂ ಅಂತಹ ಬದು ಬೇಕು.

1893ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಲಿಸ್ಟ್ರಾ ಗ್ರೆಟರ್ ಎಂಬಾಕೆಯೂ ಆಕೆಯ ಸಹೋದ್ಯೋಗಿಗಳೂ ಶುಶ್ರೂಷಕಿಯರಿಗಾಗಿ ಒಂದು ಪ್ರತಿಜ್ಞೆಯನ್ನು ರಚಿಸಿ, ಅದಕ್ಕೆ ಫ್ಲಾರೆನ್ಸ್ ನೈಟಿಂಗೇಲರ ಹೆಸರನ್ನಿಟ್ಟರು. ಕಾಯಕದಲ್ಲಿ ತಿಳಿದುಬಂದ ರೋಗಿಯ ಮನೆವಾರ್ತೆಯನ್ನು ಹೊರಗೆಡಹಬಾರದೆಂಬ ವ್ರತ ಅದರಲ್ಲಿದೆ. ಆದರೆ ಗುಟ್ಟಿಗೂ ಒಂದು ನ್ಯಾಯವುಂಟು. "ಅಕ್ಕಾ, ಯಾರಿಗೂ ಹೇಳಬೇಡಿ, ಕೊಟ್ಟ ಮಾತ್ರೆಯನ್ನು ನಾನು ನುಂಗುತ್ತಿಲ್ಲ" ಎಂದು ರೋಗಿಯು ಪಿಸುಗುಟ್ಟಿದನೆನ್ನಿ. ಆಗಲೆಂದು ಸುಮ್ಮನಾದರೆ ಚಿಕಿತ್ಸೆ ಕೆಡುವುದು. ಆಗಲೆಂದು ಹೇಳಿ ಮರೆಯಲ್ಲಿ ವೈದ್ಯರಿಗೆ ತಿಳಿಸಿದರೆ ನಂಬಿಕೆ ಕೆಡುವುದು. "ಊರವರಿಗೆ ಹೇಳುವುದಿಲ್ಲ, ನಿಮ್ಮ ಹಿತಕ್ಕಾಗಿ ವೈದ್ಯರಿಗೆ ತಿಳಿಸಲೇಬೇಕು" ಎಂದು ಎದುರಿಗೇ ನುಡಿಯುವವಳೇ ನಿಜವಾದ ಆಪ್ತಳು. ನಡೆನುಡಿಗಳು ಒಂದಾಗಿರಬೇಕೆಂದು ಶರಣರು ಬೋಧಿಸಿದ ತತ್ತ್ವವು ರೋಗಿಯ ಮಂಚದ ಬಳಿ ಹೀಗೆ ಪರೀಕ್ಷೆಗೆ ಒಳಗಾಗುತ್ತದೆ.

ಗುಣಮುಖನಾದವನು ಕೃತಜ್ಞತೆಯಿಂದ ಹಣವನ್ನೋ ಒಡವೆಯನ್ನೋ ಕೊಡಬಂದರೆ ಕೈಮುಗಿದು ಹಿಂದಿರುಗಿಸುವುದೇ ಲೇಸು. ಏಕೆಂದರೆ ಪಕ್ಕದ ಹಾಸಿಗೆಯ ಬಡವನು ಅದನ್ನು ನೋಡುತ್ತಿರುತ್ತಾನೆ. ಕೊಡಲಾರದ ತನ್ನ ಕರೆಗೆ ಇನ್ನು ಓಗೊಡುವರೋ ಇಲ್ಲವೋ ಎಂದು ಅಳುಕುತ್ತಾನೆ. ಮಾರಯ್ಯನು ಅಗತ್ಯಕ್ಕಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಆಯ್ದಕ್ಕಿ ಲಕ್ಕಮ್ಮನು ಹಿಂದಕ್ಕೆ ಸುರಿದು ಬರುವಂತೆ ಹೇಳಿದ ಕಥೆಯನ್ನು ನಾವೆಲ್ಲರೂ ಬಲ್ಲೆವು. ಆ ಎಚ್ಚರವೇ ಇಲ್ಲಿಯೂ ಬೇಕು. ತನ್ನ ಸಂಸಾರದ ದುಃಖವನ್ನು ರೋಗಿಯ ಮುಂದೆ ತೋಡಿಕೊಳ್ಳುವುದೂ ಎಲ್ಲೆ ಮೀರಿದಂತೆಯೇ. ಆಗ ನೊಂದವನೇ ಸಂತೈಸಬೇಕಾದೀತು.

ಹಾಗಾದರೆ ನಂಬಿಕೆಯು ಬೆಳೆಯುವುದು ಹೇಗೆ? ರೋಗಿಯನ್ನು ಹಾಸಿಗೆಯ ಸಂಖ್ಯೆಯಿಂದ ಕರೆಯದೆ ಹೆಸರಿನಿಂದ ಕರೆಯುವುದು. ಮೈಮುಟ್ಟುವ ಮುನ್ನ ವಿಷಯ ತಿಳಿಸಿ ಒಪ್ಪಿಗೆ ಪಡೆಯುವುದು. ತೆರೆ ಎಳೆದು ಮಾನ ಕಾಯುವುದು. ಸೂಜಿ ಚುಚ್ಚಿದರೆ ನೋವಾಗುವುದೆಂದು ಮರೆಮಾಚದೆ ಹೇಳುವುದು. "ಈಗ ಬಂದೆ" ಎಂದ ಮೇಲೆ ಬರುವುದು. ಇವು ಸಣ್ಣ ಕೆಲಸಗಳೇ ಸರಿ. ಆದರೆ ಅಸಹಾಯಕನು ನಮ್ಮನ್ನು ಅಳೆಯುವುದು ಇವುಗಳಿಂದಲೇ.

ಮನೆಗೆ ಮರಳಿದ ರೋಗಿಯು ಶುಶ್ರೂಷಕಿಯ ಹೆಸರನ್ನು ಮರೆತರೂ ಮರೆಯಲಿ. "ಅಲ್ಲಿ ನನ್ನ ಮಾನ ಉಳಿಯಿತು" ಎಂಬ ನೆಮ್ಮದಿಯು ಅವನಲ್ಲಿ ಉಳಿದರೆ ಆ ಕಾಯಕವು ಲಿಂಗಾರ್ಪಿತವಾದಂತೆ.