ಗರ್ಭ, ಪಿತೃಋಣ ಮತ್ತು ಮತ

ಗರ್ಭದಲ್ಲಿರುವ ಜೀವಕ್ಕೆ ಹಕ್ಕುಂಟೇ, ಇದ್ದರೆ ಅದನ್ನು ಹೊತ್ತವಳ ಇಚ್ಛೆಯೆದುರು ಅದರ ತೂಕವೆಷ್ಟು ಎಂಬ ಪ್ರಶ್ನೆ ಧರ್ಮಶಾಸ್ತ್ರಗಳಷ್ಟೇ ಹಳೆಯದು. ಮಂಡ್ಯ ಜಿಲ್ಲೆಯಲ್ಲಿ ಅದು 2023ರ ನವೆಂಬರ್‌ನಲ್ಲಿ ಆಲೆಮನೆಯೊಂದರ ಮೂಲಕ ರಾಜಕಾರಣದ ಅಂಗಳಕ್ಕೆ ಬಂತು. ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಬಯಲಿಗೆಳೆದ ಜಾಲವು, ಹೊತ್ತುಗೊತ್ತಿಲ್ಲದೆ ಗಾಡಿಗಳು ಬಂದುಹೋದರೂ ಯಾರಿಗೂ ಅನುಮಾನ ಹುಟ್ಟದ ಆ ಬೆಲ್ಲ ಬೇಯಿಸುವ ಜಾಗದಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟುಕೊಂಡು ಭ್ರೂಣದ ಲಿಂಗ ಹೇಳುತ್ತಿತ್ತು, ಹೆಣ್ಣೆಂದಾದರೆ ಗರ್ಭ ತೆಗೆಸಲು ಬೇರೆಡೆಗೆ ಕಳುಹಿಸುತ್ತಿತ್ತು. ಡಿಸೆಂಬರಿನ ಬೆಳಗಾವಿ ಅಧಿವೇಶನದಲ್ಲಿ ವಿಷಯ ಚರ್ಚೆಗೆ ಬಂತು, ತನಿಖೆಯನ್ನು ಸಿಐಡಿಗೆ ವಹಿಸಲಾಯಿತು, ಕಠಿಣ ಶಿಕ್ಷೆಯಾಗಬೇಕೆಂಬ ಮಾತಿನಲ್ಲಿ ಪಕ್ಷಭೇದ ಕಾಣಲಿಲ್ಲ. 2024ರ ಏಪ್ರಿಲ್ 26ರಂದು ಮಂಡ್ಯ ಲೋಕಸಭಾ ಕ್ಷೇತ್ರದ ಮತದಾನ ಮುಗಿದು ಎರಡು ವಾರ ತುಂಬುವ ಮೊದಲೇ, ಪಾಂಡವಪುರದಲ್ಲಿ ಆರೋಗ್ಯ ಇಲಾಖೆಯದೇ ವಸತಿಗೃಹವೊಂದರಲ್ಲಿ ಅದೇ ಕೃತ್ಯ ಪತ್ತೆಯಾಯಿತು.

ಇಲ್ಲಿ ಎರಡು ಕಾನೂನುಗಳಿವೆ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ, 2021ರ ತಿದ್ದುಪಡಿಯ ಬಳಿಕ, 20 ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯದ ಮೇಲೆ, ನಿರ್ದಿಷ್ಟ ವರ್ಗದ ಮಹಿಳೆಯರಿಗೆ 24 ವಾರಗಳವರೆಗೆ ಇಬ್ಬರ ಅಭಿಪ್ರಾಯದ ಮೇಲೆ ಗರ್ಭಪಾತಕ್ಕೆ ಅವಕಾಶ ನೀಡುತ್ತದೆ. ವಯಸ್ಕ ಹೆಣ್ಣಿನ ಸಮ್ಮತಿಯೊಂದೇ ಸಾಕು, ಗಂಡನ ಸಹಿ ಬೇಡ. ಪಿಸಿಪಿಎನ್‌ಡಿಟಿ ಎಂದು ಕರೆಯಲಾಗುವ, ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾಯ್ದೆಯಾದರೋ, ಪತ್ತೆ ಮಾಡಿಸಿಕೊಂಡ ಗರ್ಭಿಣಿಯನ್ನು ಗಂಡ ಅಥವಾ ಬಂಧುಗಳೇ ಬಲವಂತಪಡಿಸಿದ್ದಾರೆಂದು, ಬೇರೆ ರೀತಿ ಸಾಬೀತಾಗುವವರೆಗೆ, ಭಾವಿಸುತ್ತದೆ. ಹೀಗೆ ಒಂದೇ ಹೆಣ್ಣನ್ನು ಒಂದು ಕಾಯ್ದೆ ಸ್ವತಂತ್ರಳೆಂದೂ ಇನ್ನೊಂದು ಪರಾಧೀನಳೆಂದೂ ಕಾಣುತ್ತದೆ. ಇದು ಕಾನೂನಿನ ದೋಷವಲ್ಲ, ಅವಳ ಬಾಳಿನ ನಿಜಸ್ಥಿತಿ. ಆಲೆಮನೆಯ ಮೇಲಿನ ಸಿಟ್ಟಿನಲ್ಲಿ ಗರ್ಭಪಾತವನ್ನೇ ಪಾಪವೆಂದು ಬಗೆದರೆ, ಕೆ.ಆರ್. ಪೇಟೆಯ ಶೀಳನೆರೆ ಹೋಬಳಿಯಿಂದ ನ್ಯಾಯವಾದ ಕಾರಣಕ್ಕೆ ಆಸ್ಪತ್ರೆಗೆ ಬರುವವಳೂ ಅಪರಾಧಿಯಂತೆ ತಲೆತಗ್ಗಿಸಬೇಕಾಗುತ್ತದೆ.

ಗರ್ಭವನ್ನು ತಾಯಿಯ ಸಮಕ್ಕೆ ನಿಲ್ಲಿಸಿದ ಸಂವಿಧಾನ ಏನು ಮಾಡಬಲ್ಲದೆಂಬುದಕ್ಕೆ ಕನ್ನಡ ನಾಡಿನ ಮನೆಯೊಂದೇ ಸಾಕ್ಷಿ. ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ ಐರ್ಲೆಂಡಿನ ಗಾಲ್ವೇಯಲ್ಲಿ, 17 ವಾರಗಳ ಗರ್ಭ ಉಳಿಯದೆಂದು ಖಚಿತವಾಗಿದ್ದರೂ ಭ್ರೂಣದ ಹೃದಯ ಬಡಿಯುತ್ತಿದೆಯೆಂಬ ಕಾರಣಕ್ಕೆ ಗರ್ಭಪಾತ ನಿರಾಕರಿಸಲ್ಪಟ್ಟು, ನಂಜೇರಿ 2012ರ ಅಕ್ಟೋಬರ್ 28ರಂದು ತೀರಿಕೊಂಡರು. ಆಗ ಜಾರಿಯಲ್ಲಿದ್ದದ್ದು, ಗರ್ಭವನ್ನು ಹೀಗೆ ತಾಯಿಯ ಸಮಕ್ಕೆ ನಿಲ್ಲಿಸಿದ, ಅಲ್ಲಿನ ಸಂವಿಧಾನದ 1983ರ ಎಂಟನೆಯ ತಿದ್ದುಪಡಿ. ಅದನ್ನು ತೆಗೆಯುವ ಜನಮತಗಣನೆಗೆ ಮುನ್ನ, 2018ರ ಜನವರಿಯಲ್ಲಿ, ವಿರೋಧಪಕ್ಷದ ನಾಯಕ ಮೈಕೆಲ್ ಮಾರ್ಟಿನ್ ತಮ್ಮ ಪಕ್ಷದ ಬಹುಪಾಲು ಸದಸ್ಯರ ಇಷ್ಟಕ್ಕೆ ವಿರುದ್ಧವಾಗಿ, ತಿದ್ದುಪಡಿಯನ್ನು ತೆಗೆಯುವ ಪರವಾಗಿ ನಿಲುವು ಬದಲಿಸಿದರು. ಮತ ಕಳೆದುಕೊಳ್ಳುವ ಭಯವಿದ್ದೂ ಆಡಿದ ಮಾತು ಅದು. ಅದರ ಬೆಲೆ ಅಲ್ಲಿಯೇ ಇದೆ.

ಮಂಡ್ಯದಲ್ಲಿ ಶಿಕ್ಷೆಯ ಮಾತಾಡಿದವರಿಗೆ ಅಂಥ ಭಯವೇನೂ ಇರಲಿಲ್ಲ, ಏಕೆಂದರೆ ಅವರು ಪರಂಪರೆಯ ಒಂದೇ ಮುಖವನ್ನು ಹಿಡಿದರು. ಭ್ರೂಣಹತ್ಯೆಯನ್ನು ಮಹಾಪಾತಕಗಳ ಸಾಲಿಗೆ ಸೇರಿಸಿದ ಧರ್ಮಶಾಸ್ತ್ರವೇ, ಹುಟ್ಟುತ್ತಲೇ ಮನುಷ್ಯನ ಮೇಲೆ ಬೀಳುವ ಮೂರು ಋಣಗಳಲ್ಲಿ ಪಿತೃಋಣ ಸಂತಾನದಿಂದ, ಅದರಲ್ಲೂ ಪಿಂಡವಿಡುವ ಮಗನಿಂದ, ತೀರುವುದೆಂದು ಹೇಳಿತು. ಆತ್ಮಕ್ಕೆ ಹೆಣ್ಣು-ಗಂಡೆಂಬ ಭೇದವಿಲ್ಲವೆಂದು ಹನ್ನೆರಡನೆಯ ಶತಮಾನದ ಶರಣರು ಸಾರಿದರೂ, ಚಿತೆಗೆ ಕೊಳ್ಳಿಯಿಡುವವನು ಬೇಕೆಂಬ ಹಂಬಲ ಮನೆಮನೆಯಲ್ಲಿ ಹಾಗೆಯೇ ಉಳಿಯಿತು. ಆ ಹಂಬಲಕ್ಕೆ ಜಮೀನೂ ಜೊತೆಯಾಗುತ್ತದೆ. ಲಿಂಗಪತ್ತೆ ನಿಷೇಧ ಕಾಯ್ದೆ ಬಂದ 1994ರಲ್ಲೇ ಕರ್ನಾಟಕದ ತಿದ್ದುಪಡಿಯು ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ, ಆಗಿನ್ನೂ ಮದುವೆಯಾಗಿರದ ಮಗಳಿಗೆ ಮಗನಷ್ಟೇ ಪಾಲು ಕೊಟ್ಟಿತು. ಆದರೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು ತವರಿನ ಅರಿಶಿನ-ಕುಂಕುಮದ ಬಾಗಿಲು ಮುಚ್ಚೀತೆಂದು ಅಂಜಿ, ಉಪನೋಂದಣಿ ಕಚೇರಿಗೆ ಬಂದು ಹಕ್ಕು ಖುಲಾಸೆ ಪತ್ರಕ್ಕೆ, ಅಂದರೆ ತಮ್ಮ ಪಾಲನ್ನು ಬಿಟ್ಟುಕೊಡುವ ದಸ್ತಾವೇಜಿಗೆ, ಹೆಬ್ಬೆಟ್ಟೊತ್ತುವುದು ನಿಂತಿಲ್ಲ. ಮಗಳಿಗೆ ಪಾಲು ಕೊಡಿ, ಅವಳ ಕೈಯಲ್ಲೂ ಪಿಂಡವಿಡಿಸಿ ಎಂದು ಚುನಾವಣಾ ವೇದಿಕೆಯಿಂದ ಹೇಳಿದರೆ ಮುನಿಸಿಕೊಳ್ಳುವವರು ಆ ಪತ್ರದಿಂದ ಲಾಭ ಪಡೆದ ಅಣ್ಣತಮ್ಮಂದಿರು. ಊರಿನ ಮತಗಳನ್ನು ಒಟ್ಟುಮಾಡಿ ಅಭ್ಯರ್ಥಿಗೆ ಕೊಡಿಸುವವರೂ ಬಹುಮಟ್ಟಿಗೆ ಅವರೇ.